ಇನ್ನೂರ ಅರವತ್ತು ಕಿಲೋ

ಇನ್ನೂರ ಅರವತ್ತು ಕಿಲೋ, ಅಂದರು ಹಾಲಸ್ವಾಮಿ.
ಅದರ ಮೇಲೆ ಒಂದು ತೆಂಗಿನಕಾಯಿ ಇಟ್ಟರೂ
ದೋಣಿ ನಮ್ಮ ಮಾತು ಕೇಳುವುದಿಲ್ಲ.

ವಿನೋಬನಗರದ ನಮ್ಮ ತಾರಸಿಯಲ್ಲಿ
ಒಣಹಾಕಿದ ಸಂಡಿಗೆಯ ಪಕ್ಕ
ಮಗುಚಿ ಮಲಗಿದೆ ಅದು, ಹದಿನಾಲ್ಕು ಅಡಿ,
ಪ್ಲೈವುಡ್ಡು, ಫೈಬರ್ರು, ಫೌಂಡ್ರಿಯ ಗೆಳೆಯರು
ಊಟದ ಬಿಡುವಿನಲ್ಲಿ ಎರಕ ಹೊಯ್ದ ನಾಲ್ಕು ಬಳೆ.
ಹೊಟ್ಟೆಗೆ ಬಳಿದ ನೀಲಿ
ನಮ್ಮ ಮನೆ ಗೇಟಿಗೆ ಬಳಿದು ಮಿಕ್ಕಿದ್ದು.

ಮೆಟ್ಟಿಲ ತಿರುವಿನಲ್ಲಿ ಅದು ಇಳಿಯುವುದಿಲ್ಲ ಎಂದು
ಮೊದಲು ಕಂಡವಳು ನಾನು.
ಅಳತೆ ಟೇಪು ಸದಾ ನನ್ನ ಕೊರಳಲ್ಲೇ,
ಮೂವತ್ತು ವರ್ಷ ಊರಿನ ರವಿಕೆ ಹೊಲಿದವಳು.
ಹನ್ನೊಂದು ದಿನ ಬಾಯಿ ಬಿಡಲಿಲ್ಲ.
ಹೇಳಿದಾಗ ನಕ್ಕರು: ಗೊತ್ತಿತ್ತು ಕಣೇ,
ಹಗ್ಗ ಕಟ್ಟಿ ಬೀದಿಗೆ ಇಳಿಸೋಣ,
ಗಣಪತಿ ಕೂರಿಸೋ ಹುಡುಗರಿದ್ದಾರಲ್ಲ.

ನನಗೆ ಈಜು ಬರುತ್ತಿರಲಿಲ್ಲ.
ಐವತ್ತೊಂದಕ್ಕೆ ಈಜುಕೊಳದ ಹೆಂಗಸರ ಪಾಳಿಗೆ ಸೇರಿ
ಏಳು ವರ್ಷದ ಪೋರಿಯರ ಜೊತೆ
ಕಂಬಿ ಹಿಡಿದು ಕಾಲು ಬಡಿದೆ.
ಆಂಟೀ, ಹೆದರಬೇಡಿ, ನೀರೇ ಎತ್ತುತ್ತೆ, ಅಂದಳು
ಮುಂದಿನ ಹಲ್ಲಿಲ್ಲದ ಒಬ್ಬಳು.
ಹದಿನೆಂಟನೆಯ ದಿನ ಎತ್ತಿತು.
ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಾ
ಅಕ್ಕಿ ನೆನೆಹಾಕಲು ಮರೆತದ್ದು ನೆನಪಾಗಿ
ಮತ್ತೆ ಮುಳುಗಿದೆ.

ಹೊರಡುವುದು ಕೂಡಲಿಯಿಂದ.
ತುಂಗೆ ಭದ್ರೆ ಒಂದಾಗಲು
ಇನ್ನೂ ಮನಸ್ಸು ಮಾಡುತ್ತಿರುವ ಜಾಗ.
ಹೊನ್ನಾಳಿ, ಹರಿಹರ, ಮೈಲಾರದ ಮರಳು, ಮದಲಗಟ್ಟಿ,
ಆಮೇಲೆ ಹಿನ್ನೀರು, ಆಚೆ ದಡ ಕಾಣದ್ದು.
ಇಪ್ಪತ್ತು ದಿನ ಎನ್ನುತ್ತದೆ ಇವರ ಲೆಕ್ಕ,
ಒಡ್ಡು ಅಡ್ಡ ಬಂದಲ್ಲಿ ದೋಣಿ ಹೊತ್ತು ದಾಟುವುದೂ ಸೇರಿ.
ಹರಿಗೋಲಿನ ಕರಿಯಣ್ಣ ನಮ್ಮ ನಕ್ಷೆ
ತಿರುವಿ, ಮತ್ತೆ ತಿರುವಿ ನೋಡಿ ಕೇಳಿದ:
ಇದರಲ್ಲಿ ಸುಳಿ ಎಲ್ಲಿ ಬರೆದವ್ರೆ?
ಬರೆದಿರಲಿಲ್ಲ.
ಅವನು ಬೆರಳಿಟ್ಟಲ್ಲೆಲ್ಲ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದೆವು.
ಹೊನ್ನಾಳಿಯಿಂದಾಚೆ ನಂಗೆ ಗೊತ್ತಿಲ್ಲ, ಅಂದ,
ಬೀಡಿ ಹಚ್ಚಿದ.

ಭಾನುವಾರ ತೂಕ.
ಗುಜರಿಯ ಜಬೀನಾ ಹಲಗೆ ತಕ್ಕಡಿ ಕಳಿಸಿದ್ದಳು.
ಇವರು ಎಪ್ಪತ್ತೊಂದು.
ನಾನು ಅರವತ್ತು, ಅಂದೆ. ಬರೆದುಕೊಂಡರು,
ಆಮೇಲೆ ನನಗೆ ಕಾಣದ ಹಾಗೆ
ಅರವತ್ತನಾಲ್ಕು ಎಂದು ತಿದ್ದಿಕೊಂಡರು.
ಅವಲಕ್ಕಿ, ಚಟ್ನಿಪುಡಿ, ಸ್ಟವ್ವು, ಟಾರ್ಪಾಲು,
ನೀರಿನ ಕ್ಯಾನು ಎರಡು, ಬಿದಿರು ಗಳ,
ಬಿಪಿ ಮಾತ್ರೆಯ ಡಬ್ಬಿಗೆ ಮುಳ್ಳು ಅಲ್ಲಾಡಲೇ ಇಲ್ಲ.
ಇವರ ಸ್ಪ್ಯಾನರ್ ಪೆಟ್ಟಿಗೆ ಹನ್ನೊಂದು ಕಿಲೋ.
ಅರ್ಧ ತೆಗೆಯಿರಿ, ಅಂದೆ.
ನಿನ್ನ ಕೈಮಿಷನ್ನು? ಅಂದರು.
ಟಾರ್ಪಾಲು ಹರಿದರೆ ಯಾರು ಹೊಲಿಯುವುದು?
ದೋಣಿ ಒಡೆದರೆ ಯಾರು ಬಿಗಿಯುವುದು?
ಹತ್ತು ನಿಮಿಷ ಮಾತಿಲ್ಲ.
ಕೊನೆಗೆ ಮಿಷನ್ನು ಮನೆಯಲ್ಲುಳಿಯಿತು, ಸೂಜಿ ದಾರ ಬಂತು,
ಹನ್ನೊಂದು ಇದ್ದದ್ದು ಆರಾಯಿತು.

ರಾತ್ರಿ ಊಟವಾದ ಮೇಲೆ
ದೋಣಿ ಅಂಗಾತ ಮಾಡಿ ಒಳಗೆ ಕೂರುತ್ತೇವೆ.
ಮುಂದೆ ನಾನು, ಹಿಂದೆ ಅವರು.
ಗಾಳಿಗೆ ಹುಟ್ಟು ಹಾಕುತ್ತೇವೆ, ಒಂದು, ಎರಡು, ಒಂದು, ಎರಡು.
ಎದುರು ಮನೆ ಕಿಟಕಿಯಿಂದ ಹುಡುಗ ಕೂಗುತ್ತಾನೆ:
ಎಲ್ಲಿಗೆ ಮುಟ್ಟಿದ್ರಿ ಅಂಕಲ್?
ಹೊನ್ನಾಳಿ!
ನೆನ್ನೇನೂ ಹೊನ್ನಾಳೀಲೇ ಇದ್ರಿ!

ಇಪ್ಪತ್ತೊಂಬತ್ತು ವರ್ಷ
ತಟ್ಟೆಯ ಆಚೆ ಈಚೆ ಎದುರುಬದುರು ಕೂತವರು.
ಇಲ್ಲಿ ನನಗೆ ಅವರು ಕಾಣುವುದಿಲ್ಲ,
ಅವರಿಗೆ ನನ್ನ ಬೆನ್ನು, ತೆಳ್ಳಗಾದ ಜಡೆ.
ದಣಿದರೋ ಮುನಿದರೋ
ಹುಟ್ಟಿನ ಸಪ್ಪಳದಲ್ಲೇ ತಿಳಿಯಬೇಕು.

ಒಮ್ಮೆ ಸಪ್ಪಳ ನಿಂತಿತು.
ತಿರುಗಲಿಲ್ಲ ನಾನು,
ತಿರುಗಿದರೆ ದೋಣಿ ವಾಲುತ್ತದೆ, ಅವರದೇ ಪಾಠ.
ಏನು? ಅಂದೆ ಎದುರಿನ ಕತ್ತಲಿಗೆ.
ಏನಿಲ್ಲ ವನಮಾಲಾ,
ನಿನ್ನ ರವಿಕೆ ಬೆನ್ನಲ್ಲಿ ಒಂದು ಹೊಲಿಗೆ ಬಿಟ್ಟಿದೆ.
ಆ ಸೂಜಿ ದಾರ ಮೇಲೇ ಇಡು,
ಕೈಗೆ ಸಿಗೋ ಹಾಗೆ.